ಗೆಣಸಿನ ಬಳ್ಳಿಯ ಹಾರ

ಈರುಳ್ಳಿ ಬುಟ್ಟಿಯ ತಳದಲ್ಲಿ ಮರೆತುಹೋಗಿದ್ದ ಗೆಣಸೊಂದು ಮೊಳೆತಿತ್ತು. ಒಂದು ಚಿಗುರು ಮುರಿದಾಗ ಬೆರಳಿಗೆ ಬಿಳಿ ಹಾಲು ಅಂಟಿತು. ಅಷ್ಟೇ... ಬೆಳಗಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ.

ಕೊಲ್ಲಿ ದೇಶದ ಸಲ್ವಾದ ಈ ಮನೆಗೆ ನಾವು ಬಂದ ಹೊಸದರಲ್ಲಿ ಮೇಲಿನ ಮಹಡಿಯಲ್ಲಿ ಹವಾಯಿ ದ್ವೀಪದ ಟೀಚರೊಬ್ಬರಿದ್ದರು. ಬಾಲ್ಕನಿಯಲ್ಲಿ, ಪೇಂಟಿನ ಬಕೆಟ್ಟಿನಲ್ಲಿ, ಗೆಣಸು ಬೆಳೆಸಿದ್ದರು. ಗೆಡ್ಡೆಗಲ್ಲ, ಎಲೆ ಬೇಯಿಸಿ ತಿನ್ನಲು. ಅವರ ಕಡೆ ಹಿಂದೆ ಒಣಗಿದ ಬಳ್ಳಿಯನ್ನು ಚಾಪೆಯಡಿ ಮೆತ್ತಗಿರಲೆಂದು ಹಾಸುತ್ತಿದ್ದರಂತೆ. ಕಡಲಿಗೆ ಗೆಣಸು ಹಾಕಿ ಮೀನನ್ನೂ ಬಳಿಗೆ ಕರೆಯುತ್ತಿದ್ದರಂತೆ.

ನನ್ನ ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಆಗಲಿಲ್ಲ. ನನಗೆ ಎದೆಹಾಲೂ ಬರಲಿಲ್ಲ. ಇವರು ಸುಲೈಬಿಯಾದ ಗೋದಾಮಿನ ಕೆಲಸ ಮುಗಿಸಿ ಬರುವಾಗ ಹಾಲಿನ ಪುಡಿ ತಂದರು. ಮಗುವಿನ ಹೊಟ್ಟೆಗೇನೋ ಆಧಾರವಾಯಿತು, ನನ್ನ ಜೀವಕ್ಕೆ ಸಮಾಧಾನವಿಲ್ಲ. ಕೋಣೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಕೋಣೆಗೆ...

ನನ್ನ ಅಳು ಕೇಳಿ ಟೀಚರ್ ಗೆಣಸಿನೆಲೆ ಬೇಯಿಸಿ ತಂದರು. ಫೋನಿನಲ್ಲಿ ಅಮ್ಮ ಕೂಗಿದರು: "ಬಾಣಂತಿಗೆ ಗೆಣಸಾ! ವಾಯು ಆಗ್ತದೆ ಮಾರಾಯ್ತಿ, ಮುಟ್ಟಬೇಡ!"

ನಾನು ಪೆಚ್ಚಾಗಿ ಅದನ್ನೇ ಹೇಳಿದೆ. ಟೀಚರ್ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು: "ತಿನ್ನಬಾರದು, ಸರಿ. ಕೊರಳಿಗೆ ಹಾಕಿಕೊಳ್ಳಬಾರದು ಅಂತಲೂ ಹೇಳಿದರಾ?"

ಮರುದಿನ ಬಕೆಟ್ಟಿನ ಬಳ್ಳಿಯನ್ನೆಲ್ಲ ಬುಡದವರೆಗೆ ಕೊಯ್ದು ತಂದರು. ಹಾಲು ಒಸರುತ್ತಿದ್ದ ಬಳ್ಳಿಯನ್ನು ಎದೆಗೆ ಮೆಲ್ಲಗೆ ತಟ್ಟಿ, ತಮ್ಮ ಭಾಷೆಯಲ್ಲಿ ಏನೋ ಪ್ರಾರ್ಥಿಸಿ, ಹಾರದಂತೆ ಕೊರಳಿಗೆ ಹಾಕಿದರು. ಹಾಲಿಲ್ಲದ ತಾಯಂದಿರಿಗೆ ಅವರ ಅಜ್ಜಿ ಹಾಗೆ ಮಾಡುತ್ತಿದ್ದರಂತೆ.

ಸಂಜೆ ಇವರು ಬಾಗಿಲಲ್ಲೇ ನಿಂತುಬಿಟ್ಟರು. "ಇದೆಂಥದು, ಎರಡನೇ ಮದುವೆಯಾ?"

ಎಷ್ಟೋ ದಿನಗಳ ಮೇಲೆ ನಕ್ಕೆ. ನಕ್ಕು ಹಾಗೇ ನಿದ್ದೆ ಹೋದೆ. ಮಗು ಅತ್ತು ಎದ್ದಾಗ ನೈಟಿ ಒದ್ದೆಯಾಗಿತ್ತು. ಬಳ್ಳಿಯಿಂದಲೋ, ನಿದ್ದೆಯಿಂದಲೋ... ಇವತ್ತಿಗೂ ಗೊತ್ತಿಲ್ಲ.

ಕಾಂಟ್ರಾಕ್ಟ್ ಮುಗಿದು ಊರಿಗೆ ಹೊರಟಾಗ ಟೀಚರ್ ಆ ಬಕೆಟ್ಟನ್ನು ನನಗೆ ಕೊಟ್ಟರು. ಬೋಳು ಬುಡ ಚಿಗುರಿದರೆ ಫೋಟೋ ಕಳಿಸು ಎಂದರು. ಇಲ್ಲಿಯ ಜೂನ್ ಬಿಸಿಲಿಗೆ, ಎಷ್ಟು ನೀರೆರೆದರೂ, ಅದು ಒಣಗಿಹೋಯಿತು. ಆಮೇಲಾಮೇಲೆ ಅವರ ನಂಬರಿಗೂ ಕರೆ ಹೋಗದಾಯಿತು.

ಇವತ್ತು ಕಾಲೇಜಿಗೆ ಹೊರಟಿದ್ದ ಮಗಳು ಮೊಳೆತ ಗೆಣಸು ನೋಡಿ, "ಮಮ್ಮಿ, ಥ್ರೋ ಇಟ್ ಯಾ" ಎಂದಳು. ಎಸೆಯಲಿಲ್ಲ. ನೆಲ ಒರೆಸುವ ನೀರಿಗೆ ಇಟ್ಟುಕೊಂಡಿದ್ದ ಅದೇ ಬಕೆಟ್ಟನ್ನು ತೊಳೆದು, ಮಣ್ಣು ತುಂಬಿ ನೆಟ್ಟೆ. ಫೋಟೋ ತೆಗೆದೆ. ಫೋನ್ ಹಿಡಿದು ಸುಮ್ಮನೆ ಮೇಲಿನ ಬಾಲ್ಕನಿ ನೋಡಿದೆ.

ಅಲ್ಲಿ ಯಾರದೋ ಮಗುವಿನ ಬಟ್ಟೆ ಒಣಗುತ್ತಿತ್ತು.