ಮಸ್ಕಿಯ ಸಮುದ್ರಕ್ಕೆ ಕಂಬಳಿ ಮುಚ್ಚಿದ ದಿನ

1994ರ ಫೆಬ್ರುವರಿ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟು ಹನ್ನೊಂದು ವರ್ಷವಾಗಿತ್ತು. ಮದುವೆ, ಪಾಸ್‌ಪೋರ್ಟ್ ಸೈಜು, ರೈಸ್ ಮಿಲ್ಲಿನ ಉದ್ಘಾಟನೆ, ತೀರಿಹೋದವರ ಹಳೆಯ ಫೋಟೋವನ್ನು ದೊಡ್ಡದು ಮಾಡಿಕೊಡುವುದು, ಇವೇ ನನ್ನ ಕೆಲಸ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲಿ. 'ಮಹಬೂಬ, ಫೋಟೋ ಚಲೋ ಬಂದಿಲ್ಲ' ಎಂದ ಗಿರಾಕಿಗೆ ಕನ್ನಡಿ ಹಿಡಿದು ತೋರಿಸಿ, 'ನಾ ಏನ್ ಮಾಡ್ಲಿ, ಮಾಲು ಇದ್ದಂಗ ಬಂದೈತಿ' ಎಂದು ಕಳಿಸಿದ್ದೂ ಉಂಟು.

ಒಂದು ಸೋಮವಾರ ಮಧ್ಯಾಹ್ನ ಗಿರಿಜಾ ಟೀಚರ್ ಬಂದರು. ಲಿಂಗಸುಗೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ಮನೆ ಮಸ್ಕಿಯಲ್ಲಿ. ಅವರ ಮದುವೆಯ ಫೋಟೋ ತೆಗೆದವನೂ ನಾನೇ.

"ಮಹಬೂಬಣ್ಣ, ನಮ್ಮನ್ಯಾಗ ಮೀನು ತತ್ತಿ ಇಟ್ಟಾವ. ಫೋಟೋ ತೆಗೀಬೇಕ್ರಿ."

"ಮೀನಿನ ಫೋಟೋ ಯಾಕ್ರಿ ಟೀಚರಮ್ಮ? ಹುರದ ಮ್ಯಾಲ ಕರೀರಿ, ಬರ್ತೀನಿ."

ಅವರು ನಗಲಿಲ್ಲ. ಚೀಲದಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಇಟ್ಟರು. ಕರಾವಳಿಯ ಕಾಲೇಜೊಂದರ ಪ್ರಾಧ್ಯಾಪಕರು ಬರೆದದ್ದು. ಟೀಚರಮ್ಮ ಹಿಂದೊಮ್ಮೆ ರಜೆಯಲ್ಲಿ ತರಬೇತಿಗೆ ಹೋದಾಗ ಅವರಿಗೆ ಎರಡು ಸಣ್ಣ ಮೀನುಗಳನ್ನು ಕೊಟ್ಟು ಕಳಿಸಿದವರು ಇವರೇ. 'ನಿಮ್ಮ ಬಿಸಿಲ ಸೀಮೆಯಲ್ಲಿ, ಮನೆಯ ತೊಟ್ಟಿಯಲ್ಲಿ ಈ ಮೀನು ಮೊಟ್ಟೆಯಿಡುವುದನ್ನು ನಾನು ನಂಬಲಾರೆ. ನೀವು ಹಿಂದಿನ ಸಲ ಕಂಡದ್ದು ಬಸವನಹುಳುವಿನ ಮೊಟ್ಟೆ ಇದ್ದೀತು. ಮೀನಿನದ್ದಾದರೆ ಕೊನೆಯ ದಿನಗಳಲ್ಲಿ ಒಳಗೆ ಕಣ್ಣು ಕಾಣುತ್ತದೆ. ಅಂಥ ಫೋಟೋ ಇದ್ದರೆ ಕಳಿಸಿ' ಎಂದಿತ್ತು.

"ಇವತ್ತಿಗೆ ಆರು ದಿನ ಆತ್ರಿ. ಎಂಟನೇ ದಿನ ಕತ್ತಲಾದ ಮ್ಯಾಲ ಒಡೀತಾವ. ಸಾಲ್ಯಾಗ ನನಗ 'ಉಪ್ಪುನೀರಿನ ಟೀಚರ್' ಅಂತ ನಗತಾರ. ನನಗ ಸುಳ್ಳುಬುರುಕಿ ಅನಿಸ್ಕೋಳಾಕ ಆಗಂಗಿಲ್ಲರಿ, ಅಣ್ಣ."

ಅವರ ಕಣ್ಣು ತುಂಬಿದ್ದನ್ನು ಕಂಡು ನನ್ನ ತಮಾಷೆ ಅಲ್ಲಿಗೇ ನಿಂತಿತು. ಮಂಗಳವಾರ ಬೆಳಗಿನ ಮೊದಲ ಬಸ್ಸು ಹಿಡಿದೆ.

ಆ ಮನೆಯ ಪಡಸಾಲೆಗೆ ಕಾಲಿಟ್ಟವನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಮೂರಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಸಮುದ್ರವಿತ್ತು! ಕಲ್ಲುಗಳ ಮೇಲೆ ಹಸಿರು, ನೇರಳೆ ಬಣ್ಣದ ಗುಂಡಿಗಳಂತೆ ಅರಳಿದ ಹವಳದ ಜಾತಿಯ ಜೀವಿಗಳು. ನಡುವೆ ನೂರಾರು ಬೆರಳು ಆಡಿಸುತ್ತಿದ್ದ ಒಂದು ಕಡಲಹೂವು. ನೋಡಲು ಹೂವಾದರೂ ಅದೂ ಪ್ರಾಣಿಯೇ. ಅದರ ಮಗ್ಗುಲಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆ ಎಳೆದ ಎರಡು ಮೀನು. ನಮ್ಮ ಸಿಂಧನೂರಿನ ಅಕ್ಕಿ ಹೇರಿಕೊಂಡು ಕರಾವಳಿಗೆ ಇಳಿಯುವ ಲಾರಿಗಳು ವಾಪಸು ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತಂದು ಇಳಿಸುತ್ತಿದ್ದವಂತೆ. ಬಿಸಿಲಿಗೆ ನೀರು ಆರಿದರೆ ಉಪ್ಪು ಒಳಗೇ ಉಳಿಯುತ್ತದೆ, ಆದ್ದರಿಂದ ಮೇಲೆ ಸಿಹಿನೀರನ್ನೇ ಹಾಕಬೇಕು. ಇದನ್ನು ನನಗೆ ವಿವರಿಸಿದವರು ಟೀಚರಮ್ಮನಲ್ಲ, ಅವರ ಅತ್ತೆ ಹುಲಿಗೆಮ್ಮ. ಅಕ್ಷರ ಬಾರದ ಮುದುಕಿ. ಸೊಸೆ ಶಾಲೆಗೆ ಹೋದರೆ ಆ ಸಮುದ್ರ ಇವರ ಉಸ್ತುವಾರಿಯಲ್ಲಿ ಇರುತ್ತಿತ್ತು.

"ಇಲ್ಲಿ ನೋಡೋ ಸಾಬಣ್ಣ," ಎಂದು ಗಾಜಿಗೆ ಬೆರಳು ಹಚ್ಚಿದರು. ಕಲ್ಲಿನ ಬುಡದಲ್ಲಿ ಅಂಗೈಯಷ್ಟು ಜಾಗದಲ್ಲಿ ಎಳ್ಳಿನಷ್ಟು ಸಣ್ಣ ಮೊಟ್ಟೆಗಳು ಅಂಟಿಕೊಂಡಿದ್ದವು. ಒಂದು ಮೀನು ರೆಕ್ಕೆಯಿಂದ ಅವಕ್ಕೆ ಎಡೆಬಿಡದೆ ಗಾಳಿ ಬೀಸುತ್ತಿತ್ತು. "ಇಂವ ಗಂಡ. ಆಕಿ ತತ್ತಿ ಇಟ್ಟು ಆರಾಮ ಅದಾಳ, ಇಂವ ಬಾಣಂತನ ಮಾಡಾಕತ್ತಾನ. ಮಸ್ಕ್ಯಾಗ ಒಬ್ಬ ಗಂಡ್ಸರ ಹಿಂಗ ಮಾಡ್ಯಾನೇನು? ಫೋಟೋ ಚಂದ ತೆಗಿ, ಎಲ್ಲಾರಿಗೂ ತೋರಸ್ತೀನಿ!"

ಹಳೆಯ ಫೋಟೋಗಳ ನಕಲು ತೆಗೆಯಲು ನನ್ನ ಬಳಿ ಎಕ್ಸ್‌ಟೆನ್ಷನ್ ಟ್ಯೂಬ್ ಇತ್ತು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸುವ ಈ ಟೊಳ್ಳು ಕೊಳವೆ ಸಣ್ಣದನ್ನು ದೊಡ್ಡದಾಗಿ ಹಿಡಿಯುತ್ತದೆ. ಇದೊಂದಿದ್ದರೆ ಸಾಕು ಎಂದು ಬೀಗಿದೆ. ಮದುವೆಗೆ ಹೋಗುವಂತೆ ಇಸ್ತ್ರಿ ಹೊಡೆದ ಬಿಳಿ ಸಫಾರಿ ತೊಟ್ಟು ಹೋಗಿದ್ದೆ. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸಿ, ಕಪ್ಪು-ಬಿಳುಪು ರೋಲಿನಲ್ಲಿ ಹನ್ನೆರಡು, ಇನ್ನೊಂದು ಕ್ಯಾಮೆರಾದ ಕಲರ್ ರೋಲಿನಲ್ಲಿ ಮೂವತ್ತಾರು ಹೊಡೆದೆ. "ಇನ್ನ ನಿಶ್ಚಿಂತಿ ಇರ್ರಿ ಟೀಚರಮ್ಮ" ಎಂದು ಚಹಾ ಕುಡಿದು ಬಂದೆ.

ಕಲರ್ ರೋಲು ತೊಳೆಯಲು ಹುಬ್ಬಳ್ಳಿಗೆ ಹೋಗಬೇಕು, ಕಪ್ಪು-ಬಿಳುಪು ನಾನೇ ತೊಳೆಯುತ್ತಿದ್ದೆ. ಅಂದೇ ಸಂಜೆ ಅದನ್ನು ತೊಳೆದು ಒಣಹಾಕಿ ನೋಡಿದೆ. ಪ್ರತಿ ಚಿತ್ರದಲ್ಲೂ ಗಾಜಿನಲ್ಲಿ ಮೂಡಿದ ನಾನೇ! ನನ್ನ ಸಫಾರಿ, ನನ್ನ ಹೊಟ್ಟೆ, ನಡುವೆ ಫ್ಲ್ಯಾಶಿನ ದೊಡ್ಡ ಚುಕ್ಕೆ. ಮೀನು ಎಲ್ಲೋ ನನ್ನ ಮೂರನೇ ಗುಂಡಿಯ ಹತ್ತಿರ ಇತ್ತು. ಅದೇ ರೀತಿ ತೆಗೆದ ಕಲರ್ ರೋಲಿನ ಹಣೆಬರಹವೂ ಇದೇ ಎಂದು ಗೊತ್ತಾಗಲು ಹುಬ್ಬಳ್ಳಿಗೆ ಹೋಗಬೇಕಿರಲಿಲ್ಲ. ಇನ್ನು ಉಳಿದದ್ದು ಒಂದೇ ಹಗಲು. ಜೀವನದಲ್ಲಿ ಮೊದಲ ಸಲ ಬೈಯಲು ಗಿರಾಕಿ ಸಿಗದೆ ನನ್ನನ್ನೇ ಬೈದುಕೊಂಡೆ.

ಬುಧವಾರ ಹೊಸ ಕಲರ್ ರೋಲು ಹಿಡಿದು ಮಸ್ಕಿಯಲ್ಲಿ ಇಳಿದಾಗ ಒಂಬತ್ತೂವರೆ. ಟೀಚರಮ್ಮ ರಜೆ ಹಾಕಿದ್ದರು. ನಾಚಿಕೆ ಬಿಟ್ಟು ನೆಗೆಟಿವ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೇ ವಾಪಸು ಕೊಟ್ಟರು. ಒಳಗೆ ಕಣ್ಣು ಮೂಡಿ ಮೊಟ್ಟೆಗಳು ಆಗಲೇ ಬೆಳ್ಳಿಯಂತೆ ಮಿನುಗುತ್ತಿದ್ದವು.

"ಗಾಜಿನ ಮುಂದ ಕರೇದು ಏನರ ಕಟ್ಟಬೇಕ್ರಿ. ಅದರಾಗ ಲೆನ್ಸ್ ತೂರೋವಷ್ಟು ತೂತು ಬೇಕು. ಬೆಳಕು ಮ್ಯಾಲಿಂದ ಬಿಡ್ತೀನಿ," ಎಂದೆ. ಕಪ್ಪು ಸೀರೆ ಕಟ್ಟಿ ನೋಡಿದೆವು, ಅದರ ಹೊಳಪೇ ಗಾಜಿನಲ್ಲಿ ಮೂಡಿತು. ನನ್ನ ಕಣ್ಣು ಗೂಟದ ಮೇಲಿದ್ದ ಕರಿ ಕಂಬಳಿಗೆ ಹೋಯಿತು. ಬೆಳಕು ನುಂಗುವುದರಲ್ಲಿ ಅದನ್ನು ಮೀರಿಸುವ ವಸ್ತುವಿಲ್ಲ. ಆದರೆ ನಮ್ಮ ಕಡೆ ಕಂಬಳಿ ಎಂದರೆ ಬರಿ ಹೊದಿಕೆಯಲ್ಲ. ಅದನ್ನು ಹಾಸಿ ದೇವರನ್ನು ಕೂರಿಸುತ್ತಾರೆ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದಕ್ಕೆ ಕತ್ತರಿ ಹಾಕಿ ಎಂದು ಯಾವ ಬಾಯಿಂದ ಕೇಳಲಿ? ನೋಟ ಬೇರೆ ಕಡೆ ಹೊರಳಿಸಿದೆ.

ಹುಲಿಗೆಮ್ಮ ನನ್ನನ್ನು ನೋಡಿದರು, ಕಂಬಳಿ ನೋಡಿದರು. ಎದ್ದು ಅದನ್ನು ಇಳಿಸಿ ಕಣ್ಣಿಗೊತ್ತಿಕೊಂಡರು.

"ಅತ್ತಿ, ಬ್ಯಾಡ್ರಿ, ಅದು ನಿಮ್ಮ ತವರಮನಿ ಕಂಬಳಿ!" ಎಂದು ಟೀಚರಮ್ಮ ಕೈ ಹಿಡಿದರು.

"ಸುಮ್ಮಿರವ್ವ. ನನ್ನ ಸೊಸಿಗಿ ಸುಳ್ಳಿ ಅಂದಾನಂತ ಅಂವ. ತೂತು ಎಷ್ಟಗಲ ಬೇಕೋ ಸಾಬಣ್ಣ?"

ಅವರೇ ಕತ್ತರಿಸಿದರು. ಫ್ಲ್ಯಾಶನ್ನು ವೈರಿನಿಂದ ಜೋಡಿಸಿ ತೊಟ್ಟಿಯ ಮುಚ್ಚಳದ ಗಾಜಿನ ಮೇಲೆ ಬೋರಲು ಮಲಗಿಸಿದೆ. ಕಂಬಳಿ ಕಟ್ಟಿ, ತೂತಿನಲ್ಲಿ ಲೆನ್ಸ್ ತೂರಿಸಿ ಗಾಜಿಗೆ ತಾಗಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಗಾಳಿಯೂದುವ ಪಂಪು ನಿಂತಿತು. ನೀರಿಗೆ ಗಾಳಿ ಸೇರದಿದ್ದರೆ ಮೀನಿಗೂ ಮೊಟ್ಟೆಗೂ ಉಸಿರಿಲ್ಲ. ಹುಲಿಗೆಮ್ಮ ಆಗಲೇ ಮುಚ್ಚಳವನ್ನು ಒಂದು ಬದಿಗೆ ಸರಿಸಿ, ಪ್ಲಾಸ್ಟಿಕ್ ತಂಬಿಗೆ ಹಿಡಿದು ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹುಯ್ಯತೊಡಗಿದ್ದರು. ನೀರು ಅಲುಗಿದರೆ ನನಗೆ ಚಿತ್ರವಿಲ್ಲ, ಅಲುಗದಿದ್ದರೆ ಮೊಟ್ಟೆಯಿಲ್ಲ.

"ಅವ್ವಾ, ಹತ್ತು ತಂಬಿಗಿ ಹುಯ್ರಿ, ನಿಲ್ರಿ, ನಾ ಒಂದು ಹೊಡೀತೀನಿ!"

ಹಾಗೇ ಸಾಗಿತು. ಟೀಚರಮ್ಮ ಬ್ಯಾಟರಿ ಹಿಡಿದು ಬೆಳಕು ತೋರಿದರು, ಅತ್ತೆ ಹತ್ತರವರೆಗೆ ಜೋರಾಗಿ ಎಣಿಸಿ ಕೈ ಎತ್ತಿದರು, ನಾನು ನೀರು ತಿಳಿಯಾಗುವುದನ್ನು ಕಾದು ಒತ್ತಿದೆ. ಮೂವತ್ತಾರು ಮುಗಿಯಲು ಎರಡು ತಾಸು ಹಿಡಿಯಿತು. ಕೊನೆಗೆ ಮೂವರೂ ಉಪ್ಪುನೀರಿನಲ್ಲಿ ತೊಯ್ದು, ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಅಂದು ಕತ್ತಲಾದ ಮೇಲೆ ಮೊಟ್ಟೆಗಳು ಒಡೆದವಂತೆ. ಅಷ್ಟು ಸಣ್ಣ ಮರಿಗಳ ಬಾಯಿಗೆ ತಕ್ಕ ಆಹಾರ ನಮ್ಮಲ್ಲಿ ಸಿಗದು, ಅವು ಎರಡು ದಿನವಷ್ಟೇ ಬದುಕಿದವು. ಆದರೆ ಅಪ್ಪ-ಅವ್ವ ಮೀನು ಹದಿನೈದು ದಿನಕ್ಕೆ ಮತ್ತೆ ಕಲ್ಲು ಉಜ್ಜಿ ಸ್ವಚ್ಛ ಮಾಡತೊಡಗಿದವು.

ಹುಬ್ಬಳ್ಳಿಯಿಂದ ಪ್ರಿಂಟು ಬಂದಾಗ ಮೂವತ್ತಾರರಲ್ಲಿ ಇಪ್ಪತ್ತೆಂಟು ಮಬ್ಬು. ಇಪ್ಪತ್ತೊಂಬತ್ತನೆಯದನ್ನು ನೋಡಿ ಸ್ಟುಡಿಯೋದಲ್ಲಿ ಒಬ್ಬನೇ ಚೀರಿದೆ. ಕಿತ್ತಳೆ ಮೀನು, ಅದರ ರೆಕ್ಕೆಯ ಕೆಳಗೆ ಸಾಲು ಸಾಲು ಮೊಟ್ಟೆ, ಪ್ರತಿಯೊಂದರಲ್ಲೂ ಎರಡೆರಡು ಕಣ್ಣು. ಗಾಜು ಇದೆಯೆಂದೇ ತಿಳಿಯುತ್ತಿರಲಿಲ್ಲ.

ಮೂರು ವಾರಕ್ಕೆ ಟೀಚರಮ್ಮ, ಅತ್ತೆಯನ್ನೂ ಕರೆದುಕೊಂಡು ಸ್ಟುಡಿಯೋಕ್ಕೆ ಬಂದರು. ಕೈಯಲ್ಲಿ, ಕಳಿಸಿದ ಫೋಟೋ ನೋಡಿ ಪ್ರಾಧ್ಯಾಪಕರು ಬರೆದ ಕಾರ್ಡು. ಅದನ್ನು ನನ್ನ ಕೈಗಿಟ್ಟರು, ನಾನೇ ಓದಿದೆ: 'ಕಣ್ಣುಗಳು ಸ್ಪಷ್ಟವಾಗಿವೆ. ತಪ್ಪು ನನ್ನದು, ಕ್ಷಮಿಸಿ. ಇಷ್ಟು ಒಳ್ಳೆಯ ಚಿತ್ರ ನಮ್ಮಲ್ಲಿ ಇಲ್ಲ. ಸಮುದ್ರದ ಪಕ್ಕದಲ್ಲೇ ಇರುವ ನಮ್ಮ ವಿದ್ಯಾರ್ಥಿಗಳಿಗೆ ತೋರಿಸಲು ಇನ್ನೊಂದು ಪ್ರತಿ ಕಳಿಸುವಿರಾ?'

"ಏನಂತಾನ ಅಂವ?" ಎಂದರು ಹುಲಿಗೆಮ್ಮ.

"ಸಮುದ್ರ ನೋಡಾಕ ಮಸ್ಕಿ ಕಡಿ ಮಾರಿ ಮಾಡ್ಯಾನವ್ವಾ," ಎಂದೆ. ಮುದುಕಿ ಸೊಸೆಯ ಗಲ್ಲ ನೀವಿ ನೆಟಿಕೆ ಮುರಿದರು.

ಫೋಟೋದಲ್ಲಿ ಫೋಟೋ ತೆಗೆದವನು ಕಾಣಬಾರದು. ಮೂವತ್ತು ವರ್ಷದ ಕಸುಬಿನಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ, ಅದನ್ನು ಕಲಿಸಿದ್ದು ಒಂದು ತೂತು ಬಿದ್ದ ಕಂಬಳಿ. ನನ್ನ ಸ್ಟುಡಿಯೋದಿಂದ ಹೊರಟ ಪ್ರತಿ ಪ್ರಿಂಟಿನ ಬೆನ್ನಿಗೆ ನನ್ನ ಹೆಸರಿನ ಸೀಲು ಒತ್ತುವುದು ರೂಢಿ. ಅಂದು ಆ ಎರಡನೇ ಪ್ರತಿಯನ್ನು ಬೋರಲು ಹಾಕಿ, ಸೀಲು ಎತ್ತಿದವನು ಕೆಳಗಿಟ್ಟೆ. ಪೆನ್ನು ತೆಗೆದು ಬರೆದೆ: 'ಗಿರಿಜಾ ಮತ್ತು ಹುಲಿಗೆಮ್ಮ, ಮಸ್ಕಿ.'