ಡಬ್ಬಿಯೊಳಗೆ ನೋಡದ ಒಂಬತ್ತು ವರ್ಷ

ಮೀನು ಮುಟ್ಟದ ಮನೆಯವಳು ಮೀನನ್ನು ಡಬ್ಬಿಗೆ ತುಂಬಿ ಮಾರುವ ಕಂಪನಿಯ ಹಣಕಾಸನ್ನು ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ ಎಂದರೆ ಆರ್.ಟಿ. ನಗರದ ನಮ್ಮ ನೆಂಟರಿಗೆ ಇವತ್ತಿಗೂ ನಗು. ಮದುವೆ ಮನೆಗಳಲ್ಲಿ ಯಾರಾದರೂ ಮೂಗು ಮುಚ್ಚಿಕೊಂಡು ತಮಾಷೆ ಮಾಡಿದರೆ, 'ನಾನು ಲೆಕ್ಕ ಬರೀತೀನಿ, ಮೀನು ಹಿಡಿಯಲ್ಲ' ಅಂತ ನಾನೂ ಒಂದು ಉತ್ತರ ಇಟ್ಟುಕೊಂಡಿದ್ದೆ. ಆ ಉತ್ತರದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಕಾರ್ಖಾನೆ ಇರುವುದು ಕರಾವಳಿಯಲ್ಲಿ. ಯಶವಂತಪುರದ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಪ್ರತಿ ಶುಕ್ರವಾರ ಕಾರ್ಖಾನೆಯಿಂದ ಸ್ಯಾಂಪಲ್ ಡಬ್ಬಿಗಳು ಬರುತ್ತಿದ್ದವು. ಊಟದ ಹೊತ್ತಿಗೆ ಅವನ್ನು ಒಡೆದು ಎಲ್ಲರೂ ರುಚಿ ನೋಡುವುದು ಆಫೀಸಿನ ಪದ್ಧತಿ. ನಾನು ನನ್ನ ಚಿತ್ರಾನ್ನದ ಡಬ್ಬಿ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ವಾಸನೆ ಆಗುವುದಿಲ್ಲ ಎನ್ನುವುದು ಅರ್ಧ ನಿಜ, ಇನ್ನರ್ಧ ಬರೀ ಜಂಭ.

ಕಾರ್ಖಾನೆಯಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದವರು ಒಬ್ಬರೇ, ಮೀನು ಕತ್ತರಿಸುವ ಹೆಂಗಸರ ಮೇಲ್ವಿಚಾರಕಿ. ಎಲ್ಲರಂತೆ ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿಲ್ಲದೆ ಕಾರ್ಖಾನೆ ಮುಚ್ಚುತ್ತಿತ್ತು, ದಿನಗೂಲಿಯ ಹೆಂಗಸರೆಲ್ಲ ಮನೆಗೆ. ಆ ಎರಡು ತಿಂಗಳು ಅಕ್ಕ ವಾರಕ್ಕೊಮ್ಮೆ ನನಗೆ ಫೋನ್ ಮಾಡಿ, ಮಳೆ, ಮಗಳ ಓದು, ಮೊಣಕಾಲು ನೋವು ಎಲ್ಲ ಹೇಳಿ, ಕೊನೆಗೆ ಕೇಳುತ್ತಿದ್ದದ್ದು ಒಂದೇ: "ಕೆಲಸ ಯಾವಾಗ ಶುರು ಮೇಡಂ?" ನನ್ನ ಉತ್ತರವೂ ಒಂದೇ: "ಆಗಸ್ಟ್, ಅಕ್ಕ."

ದೊಡ್ಡದೊಂದು ಶೀತಲ ಕೋಣೆ ಕಟ್ಟಿಸಿದರೆ ಬೇಸಿಗೆಯ ಮೀನು ಕಾಪಿಟ್ಟು ಮಳೆಗಾಲದಲ್ಲೂ ಕೆಲಸ ನಡೆಸಬಹುದಿತ್ತು. ಅದಕ್ಕೆ ಸಾಲ ಬೇಕು. ಕಡಲಿಗೆ ಕೇಡಾಗದಂತೆ ನಡೆಯುವ ಕಂಪನಿಗಳಿಗೆ ಹೆಬ್ಬಾಳದ ಒಂದು ಬ್ಯಾಂಕು ಕಡಿಮೆ ಬಡ್ಡಿಗೆ ಕೊಡುತ್ತದೆಂದು ತಿಳಿಯಿತು. ನಮ್ಮ ಕೈಗೆಟುಕುವ ಬಡ್ಡಿ ಅದೊಂದೇ. ಮುಂದಿನ ಹತ್ತು ವರ್ಷ ಹೇಗೆ ನಡೆಯುತ್ತೇವೆ ಎಂಬ ಯೋಜನೆಯನ್ನು ಮೂರು ವಾರ ಕೂತು ನಾನೇ ಬರೆದೆ. ನೀರು, ಉರುವಲು, ಕಸ, ಏನನ್ನೂ ಬಿಡಲಿಲ್ಲ. 'ಮರಿ ಮೀನು ಖರೀದಿಸುವುದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಹಾಕಿದೆ.

ಬ್ಯಾಂಕಿನ ಅಧಿಕಾರಿ ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಐವತ್ತರ ಆಸುಪಾಸಿನವರು. ಸದ್ಯ, ನಮ್ಮವರೇ ಎಂದುಕೊಂಡು ನೆಮ್ಮದಿಯಾಗಿ ಕೂತೆ. ಅವರು ಯೋಜನೆ ಓದಿದರು, ತಲೆದೂಗಿದರು. ಆಮೇಲೆ ನಾವು ಕಳಿಸಿದ್ದ ಬೂತಾಯಿ ಮೀನಿನ ಡಬ್ಬಿಯೊಂದನ್ನು ಡ್ರಾಯರಿನಿಂದ ತೆಗೆದು ಒಡೆದೇಬಿಟ್ಟರು. ತಟ್ಟೆಯ ಮೇಲೆ ಮೀನುಗಳನ್ನು ಸಾಲಾಗಿ ಮಲಗಿಸಿ ಪಕ್ಕದಲ್ಲಿ ಸ್ಕೇಲು ಇಟ್ಟರು. ಏಳು ಮೀನುಗಳಿದ್ದವು. ಒಂದೊಂದೂ ನನ್ನ ತೋರುಬೆರಳಿನಷ್ಟು.

"ತಲೆ ಸೇರಿಸಿದ್ರೂ ಇವು ಮರಿಗಳೇ ಅಲ್ವಾ ಮೇಡಂ? ಒಂದ್ ಸಲಾನೂ ಮೊಟ್ಟೆ ಇಟ್ಟಿರಲ್ಲ. ನೀವು ಡಬ್ಬಿ ಒಳಗೆ ನೋಡೇ ಇಲ್ವಾ?"

"ನಾನು... ತಿನ್ನಲ್ಲ ಸರ್."

"ನಾನೂ ತಿನ್ನಲ್ಲ. ಸಾಲ ಕೊಡೋನು ನೋಡ್ಬೇಕಲ್ಲ."

ನನಗೆ ಮುಖ ಎತ್ತಲಾಗಲಿಲ್ಲ. ಯೋಜನೆ ಸರಿಪಡಿಸಿ ತರಲು ಹತ್ತು ದಿನ ಕೊಟ್ಟರು.

ಆಫೀಸಿಗೆ ಬಂದು ಖರೀದಿಯ ಕಡತ ತೆಗೆದೆ, ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಅಂತ. ಗೊತ್ತಾಯಿತು. ಎರಡು ವರ್ಷದ ಹಿಂದೆ ದಾಸರಹಳ್ಳಿಯ ಡಬ್ಬಿ ತಯಾರಕರು ಚಿಕ್ಕ ಡಬ್ಬಿಗಳನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎಂದಾಗ ರಾಶಿ ರಾಶಿ ಕೊಂಡವಳು ನಾನು. ನಾಗಸಂದ್ರದ ಗೋಡೌನ್ ತುಂಬ ಅವೇ ಇದ್ದವು. ಕಂಪನಿಯ ಯಜಮಾನರು ಅವತ್ತು ನನ್ನ ಬೆನ್ನು ತಟ್ಟಿದ್ದರು. ದೊಡ್ಡ ಮೀನು ಅದರಲ್ಲಿ ಹಿಡಿಸುವುದಿಲ್ಲ ಎಂದು ಕಾರ್ಖಾನೆಯಿಂದ ದೂರು ಬಂದಾಗ, 'ಡಬ್ಬಿಗೆ ಹಿಡಿಸುವ ಅಳತೆಯ ಮೀನನ್ನೇ ಖರೀದಿಸಿ' ಎಂದು ಪತ್ರ ಬರೆದವಳೂ ನಾನೇ. ಕೆಳಗೆ ನನ್ನದೇ ಸಹಿ, ಅಡಿಗೆರೆ ಸಮೇತ.

ಯಜಮಾನರಿಗೆ ಕಡತ ತೋರಿಸಿದೆ. ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲು ನೋಡಿದರು. "ಹಳೇ ಸ್ಟಾಕು, ತಪ್ಪಿ ಬಂದ್ಬಿಟ್ಟಿದೆ ಅಂತ ಹೇಳ್ಬಿಡಿ ಮೇಡಂ. ಗೋಡೌನಲ್ಲಿರೋ ಅಷ್ಟೊಂದ್ ಡಬ್ಬಿ ಗುಜರಿಗೆ ಹಾಕಕ್ಕಾಗತ್ತಾ?"

ಹಾಗೆಯೇ ಹೇಳಿಬಿಡೋಣ ಎಂದು ನನಗೂ ಅನ್ನಿಸಿದ್ದು ನಿಜ. ಆದರೆ ಆ ಏಳು ಮೀನು ಕಣ್ಣ ಮುಂದಿನಿಂದ ಹೋಗಲೊಲ್ಲವು. ಮೊದಲ ಬಾರಿಗೆ ನಾನೇ ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿ, "ದೊಡ್ಡ ಮೀನು ಈ ಡಬ್ಬಿಗೆ ಹಿಡಿಸಲ್ಲ, ಈ ಡಬ್ಬಿ ಬಿಸಾಕೋ ಹಾಗಿಲ್ಲ. ಏನ್ ಮಾಡ್ಲಿ ಅಕ್ಕ?" ಎಂದೆ.

"ಹಿಡಿಸುದಿಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ಇಡೀ ಮೀನು ಮಲಗ್ಸಿದ್ರೆ ಹಿಡಿಸುದಿಲ್ಲ. ಅಡ್ಡ ತುಂಡು ಮಾಡಿ ನಿಲ್ಸಿದ್ರೆ ಹಿಡಿಸ್ತದೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಗೆ ಹಾಗೇ ತುಂಬುದಲ್ವಾ ನಾವು?"

"ಮತ್ತೆ ಇಷ್ಟ್ ದಿನ ಯಾಕೆ ಹೇಳ್ಲಿಲ್ಲ?"

"ನೀವು ಪತ್ರ ಕಳಿಸಿದ್ರಿ. ಕೇಳ್ಲಿಲ್ಲ."

ಆ ಮಾತು ಇವತ್ತಿಗೂ ಚುಚ್ಚುತ್ತದೆ, ಚುಚ್ಚಲಿ.

ನಾಲ್ಕನೆಯ ದಿನ ಅಕ್ಕ ಕಳಿಸಿದ ಆರು ಡಬ್ಬಿ ಬಸ್ಸಿನಲ್ಲಿ ಬಂದವು. ಅವತ್ತು ನಾನು ಮೆಟ್ಟಿಲಿಗೆ ಹೋಗಲಿಲ್ಲ. ಎಲ್ಲರ ಮುಂದೆ ನಾನೇ ಒಂದನ್ನು ಒಡೆದೆ. ಮೂಗು ಮುಚ್ಚಿಕೊಳ್ಳದೆ ಬಗ್ಗಿ ನೋಡಿದೆ. ಬೆಳೆದ ಮೀನಿನ ತುಂಡುಗಳು ಒತ್ತೊತ್ತಾಗಿ ನಿಂತಿದ್ದವು, ಚೆಂದವಾಗಿಯೇ. ರುಚಿ ನೋಡಿದ ಯಜಮಾನರು ಇನ್ನೊಂದು ತುಂಡಿಗೆ ಕೈ ಹಾಕಿದರು.

ಹೆಬ್ಬಾಳಕ್ಕೆ ಒಯ್ದ ಎರಡನೆಯ ಯೋಜನೆ ಚಿಕ್ಕದಾಗಿತ್ತು. ಮೊದಲ ಪುಟದಲ್ಲೇ ನನ್ನ ಹಳೆಯ ಪತ್ರ ಲಗತ್ತಿಸಿ, ಇದು ನಮ್ಮ ತಪ್ಪು, ಇದನ್ನು ಹೀಗೆ ತಿದ್ದುತ್ತೇವೆ ಎಂದು ಬರೆದಿದ್ದೆ. ಕತ್ತರಿಸುವ ಕೆಲಸ ಹೆಚ್ಚುತ್ತದೆ, ಕೂಲಿಯ ಖರ್ಚು ಏರುತ್ತದೆ ಎನ್ನುವುದನ್ನೂ ಮುಚ್ಚಿಡಲಿಲ್ಲ. ಅಧಿಕಾರಿ ಆ ಪತ್ರವನ್ನೇ ಎರಡು ಸಲ ಓದಿದರು. "ಇದನ್ನ ನೀವಾಗೇ ತಂದ್ರಾ?" ಎಂದರು. ಹೂಂ ಎಂದೆ. ನಾವು ಕೇಳಿದ್ದರಲ್ಲಿ ಮುಕ್ಕಾಲು ಪಾಲು ಮಂಜೂರಾಯಿತು. ಶೀತಲ ಕೋಣೆ ಅಂದುಕೊಂಡದ್ದಕ್ಕಿಂತ ಚಿಕ್ಕದಾಯಿತು, ಆದರೆ ಬೇಸಿಗೆಯ ನಡುವಿಗೆ ಎದ್ದು ನಿಂತು, ಮಳೆಗೆ ಮೊದಲೇ ಮೀನು ತುಂಬಿಕೊಂಡಿತು.

ಈ ಸಲ ಜೂನ್ ಕಳೆಯಿತು, ಜುಲೈ ಬಂತು, ಅಕ್ಕನ ಫೋನಿಲ್ಲ. ವಾರಕ್ಕೊಮ್ಮೆ ಕೇಳಿ ಅಭ್ಯಾಸವಾಗಿದ್ದ ದನಿ. ಏನಾಯಿತೋ ಎಂದು ಒಂದು ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಹಿಂದೆ ಚಾಕುಗಳ ಸದ್ದು, ಹೆಂಗಸರ ನಗು, ನೀರು ಸುರಿಯುವ ಶಬ್ದ.

"ಹೇಗಿದೀರಾ ಅಕ್ಕ? ಮಳೆ ಹೇಗಿದೆ ಅಲ್ಲಿ?"

"ಮಳೆ ನೋಡ್ಲಿಕ್ಕೆ ಪುರುಸೊತ್ತು ಎಲ್ಲಿದೆ ಮೇಡಂ? ಕೋಲ್ಡ್ ರೂಮಿಂದ ಮೀನು ಹೊರಗೆ ತೆಗ್ದಾಗಿದೆ, ಬೇಗ ಕತ್ತರಿಸ್ಬೇಕು. ಆಮೇಲೆ ಮಾತಾಡುವ, ಆಯ್ತಾ?"

ಫೋನ್ ಇಟ್ಟೇಬಿಟ್ಟರು. ಈ ಸಲ 'ಆಗಸ್ಟ್, ಅಕ್ಕ' ಎನ್ನುವ ಸರದಿ ನನಗೆ ಬರಲೇ ಇಲ್ಲ.