ತೂಕದ ಕಾಕಾ ಬರುವ ಮೊದಲು

ಮೊನ್ನೆ ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋಗುವಾಗ ಹೊಸದೊಂದು ಹೋಟೆಲ್ಲಿಗೆ ಹೊಕ್ಕೆ. ಚೆಂದ ಕಾಣಲೆಂದು ಗೋಡೆಗೆ ಕಾಳು ತೂಗುವ ಹಳೆಯ ತಕ್ಕಡಿ ತೂಗುಹಾಕಿ, ಅದರಲ್ಲಿ ಪ್ಲಾಸ್ಟಿಕ್ ಹೂ ಇಟ್ಟಿದ್ದರು. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಗಿರಮಿಟ್ಟಿನ ತಟ್ಟೆ ಎತ್ತಿಕೊಂಡು, ತಕ್ಕಡಿಗೆ ಬೆನ್ನು ಮಾಡಿ ಕೂತೆ…

ಅಂಥದೊಂದು ತಕ್ಕಡಿಯ ಹತ್ತಿರ ಮೂವತ್ತು ವರ್ಷ ನಿಂತವರು ನಮ್ಮ ಬಾಜೂಮನಿ ಕಾಕಾ. ರೈತರ ಕಾಳು ತೂಗಿ ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ತೂಕದ ಕೆಲಸ. ಮೊದಲ ಚೀಲಕ್ಕೆ ‘ಒಂದು’ ಅನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡುವ ಅವರ ದನಿ ರಸ್ತೆಯ ತನಕ ಕೇಳುತ್ತಿತ್ತು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೂ ಕಡಲೆಯ ಧೂಳು.

ನಾನಾಗ ಬಿ.ಕಾಂ. ಮುಗಿಸಿ ಎರಡು ವರ್ಷ ಕೂತಿದ್ದೆ. ಕೂತಿದ್ದೆ ಅಂದರೆ ಚಿಂತೆ ಮಾಡುತ್ತಿದ್ದೆ. ತಪ್ಪದೆ ಮಾಡುತ್ತಿದ್ದ ಕೆಲಸ ಅದೊಂದೇ. ಒಂದು ದಿನ ಕಾಕಾ ಗೋಡೆಯ ಮೇಲಿಂದ ಇಣುಕಿ, “ಲೇ, ನಮ್ಮ ಸಾವ್ಕಾರ್ರಿಗೆ ಲೆಕ್ಕ ಬರಿಯಾಂವ ಬೇಕಾಗ್ಯಾನ. ನಾಡದು ಹತ್ತಕ್ಕ ನಾನಽ ಕರಕೊಂಡು ಹೋಗ್ತೇನಿ. ನೀ ಬಾಯಿ ಬಿಡಬ್ಯಾಡ” ಅಂದರು.

ಅಡತಿಯ ರೂಢಿಯೇ ಹಾಗೆ. ಹೊಸಬ ತಾನಾಗಿ ಬಂದು ಕೆಲಸ ಕೇಳುವುದಿಲ್ಲ; ಬಲ್ಲವರೊಬ್ಬರು ಕರೆತಂದು ‘ಇಂವ ನಮ್ಮಾಂವ, ಇವನ ಜವಾಬ್ದಾರಿ ನಂದು’ ಅನ್ನಬೇಕು. ಇದು ನನಗೂ ಗೊತ್ತಿತ್ತು. ಆದರೂ ಎರಡು ದಿನ ತಲೆ ಕೆರೆದುಕೊಂಡು, ಪದವೀಧರನೊಬ್ಬ ತೂಕದವರ ಬೆನ್ನ ಹಿಂದೆ ನಿಂತರೆ ಮರ್ಯಾದೆ ಉಳಿಯುವುದಿಲ್ಲ ಎಂದು ತೀರ್ಮಾನಿಸಿದೆ. ಒಂಬತ್ತಕ್ಕೇ ಇಸ್ತ್ರಿ ಅಂಗಿ ಹಾಕಿ, ಫೈಲು ಹಿಡಿದು, ಒಬ್ಬನೇ ಹೋದೆ.

ಗಾದಿಯ ಮೇಲೆ ಲೋಡಿಗೊರಗಿದ್ದ ಸಾವ್ಕಾರ್ರು ಫೈಲು ಮುಟ್ಟಲೂ ಇಲ್ಲ. “ಯಾರ ಪೈಕಿ ನೀ?” ಅಂದರು.

“ಯಾರ ಪೈಕೀನೂ ಅಲ್ರಿ. ಬಿ.ಕಾಂ. ಓದೇನ್ರಿ.”

“ನಮ್ಮ ತೂಕದಾಂವ ಒಬ್ಬ ಹುಡುಗನ್ನ ಕರಕೊಂಡು ಬರ್ತೇನಿ ಅಂದಾನ. ಇಷ್ಟು ವರ್ಷದಾಗ ಏನೂ ಕೇಳಿದಾಂವಲ್ಲ, ಸ್ವಂತ ಅಳಿಯಗ ಸುದ್ದಾ ಕೇಳಲಿಲ್ಲ. ಆ ಹುಡುಗ ನೀನಽ ಏನು?”

ಹೌದ್ರಿ ಅನ್ನಲು ಎಷ್ಟು ಹೊತ್ತು? ಆದರೆ ಹೌದೆಂದರೆ ‘ಮತ್ತ ಒಬ್ಬನಽ ಯಾಕ ಬಂದಿ’ ಎಂದು ಕೇಳಿದರೆ… “ಅಲ್ರಿ. ಅವರ ಗುರ್ತಽ ಇಲ್ರಿ” ಅಂದುಬಿಟ್ಟೆ.

ಅಷ್ಟರಲ್ಲಿ ಕಾಕಾ ಬಂದರು. ನಮ್ಮ ಮನೆಗೆ ಹೋಗಿ, ನಾನಿಲ್ಲದ್ದು ಕಂಡು, ಬಿರಬಿರನೆ ನಡೆದು ಬಂದಿದ್ದರು. ಒಗೆದ ಧೋತರ, ಬಿಳಿ ಟೊಪಗಿ. “ಇಂವನಽ ನೋಡ್ರಿ ಸಾವ್ಕಾರ್ರಽ, ನಮ್ಮ ಹುಡುಗ!”

ಸಾವ್ಕಾರ್ರು ನಕ್ಕರು. “ನಿನ್ನ ಗುರ್ತಽ ಇಲ್ಲಂತಾನಲ್ಲೋ ಇಂವ!”

ಚೀಲ ಇಳಿಸುತ್ತಿದ್ದ ಹಮಾಲರೂ ನಕ್ಕರು. “ಟೊಪಗಿ ತಗೀರಿ ಕಾಕಾ, ಆಮ್ಯಾಲೆ ಗುರ್ತ ಹಿಡೀತಾನ!” ಎಂದ ಒಬ್ಬ.

ಕಾಕಾ ನನ್ನನ್ನು ನೋಡಿದರು, ಅಂಗೈಯಲ್ಲಿ ಕಾಳು ಹಾಕಿಕೊಂಡು ಹುಳ ಹುಡುಕುವಾಗ ನೋಡುತ್ತಿದ್ದಂತೆ. ಆಮೇಲೆ, “ನಂದಽ ತಪ್ಪಾತ್ರಿ. ಬ್ಯಾರೆ ಹುಡುಗ ಇಂವ” ಅಂದು, ಟೊಪಗಿ ತೆಗೆದು ಗೂಟಕ್ಕೆ ಹಾಕಿ, ತಕ್ಕಡಿಯ ಕಡೆ ನಡೆದರು.

ಕೆಲಸ ಸಿಗಲಿಲ್ಲ, ಹೇಳಬೇಕಾದ್ದೇ ಇಲ್ಲ. ಮುಂದೆ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಕಾಕಾ ಜಗಳವಾಡಲಿಲ್ಲ. ಎದುರಾದಾಗ ಮಾತ್ರ “ಆರಾಮ ಅದೀರೇನ್ರಿ?” ಎಂದು ಪರವೂರಿನವರನ್ನು ಕೇಳಿದಂತೆ ಕೇಳುತ್ತಿದ್ದರು. ತಪ್ಪಾಯಿತು ಅನ್ನುವ ಒಂದು ಮಾತನ್ನು ಇಪ್ಪತ್ತೈದು ವರ್ಷ ಮನಸ್ಸಿನಲ್ಲೇ ತಿದ್ದುತ್ತ ಕೂತೆ. ಗುಮಾಸ್ತನ ಚಟ…

ಹೋದ ವರ್ಷ ಅವರು ತೀರಿಕೊಂಡರು. ಹೆಗಲು ಕೊಡಲೆಂದು ಅಂಗಳದಲ್ಲಿ ನಿಂತೆ. ಅವರ ಅಳಿಯ ಒಳಗಿಂದ ಕುರ್ಚಿ ತಂದು, “ಕುಂದರ್ರಿ ಸಾಹೇಬ್ರಽ, ನೀವ್ಯಾಕ ತ್ರಾಸ ತಗೋತೀರಿ” ಅಂದ. ಕೂತೆ.

ಈಗ ಬಾಜೂಮನೆಯಲ್ಲಿ ಬೇರೆಯವರಿದ್ದಾರೆ. ಒಳ್ಳೆಯ ಜನ. ನನ್ನನ್ನು ಬಯ್ಯುವ ಹಕ್ಕು ಈ ಊರಲ್ಲಿ ಒಬ್ಬರಿಗಿತ್ತು. ಅವರು ಬಯ್ಯದೆಯೇ ಹೋದರು.